ಒಂದೂ ಕಲೆಯಿಲ್ಲದ ಹೊಟ್ಟೆ

ನಮ್ಮ ಯಜಮಾನರ ಕೆಲಸ ಮಲಗುವುದು. ಹೀಗೆಂದರೆ ಕೇಳಿದವರು ನಗುತ್ತಾರೆ, ಇವಳು ಸೋಮಾರಿ ಗಂಡನನ್ನು ಆಡಿಕೊಳ್ಳುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ಇಲ್ಲ, ನಿಜವಾಗಿಯೂ ಅದೇ ಅವರ ಕೆಲಸ. ನಮ್ಮದು ಹಾಸಿಗೆ ಅಂಗಡಿ. ಗಿರಾಕಿ ಬಂದು ಹಾಸಿಗೆಯನ್ನು ಬೆರಳಲ್ಲಿ ಒತ್ತಿ, "ಇದು ಬಾಳಿಕೆ ಬರುತ್ತಾ?" ಎಂದು ರಾಗ ಎಳೆದ ಕೂಡಲೇ ಇವರು ಬೂಟು ಕಳಚಿ, "ಸ್ವಲ್ಪ ಪಕ್ಕಕ್ಕೆ ಬನ್ನಿ" ಎಂದು ಹೇಳಿ, ಅದರ ಮೇಲೆ ದೊಪ್ಪನೆ ಬೀಳುತ್ತಿದ್ದರು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳುತ್ತಿದ್ದರು. ಆಮೇಲೆ ಎದ್ದು ನಿಂತು, ತಾವು ಮಾಡಿದ ಗುಂಡಿ ನಿಧಾನಕ್ಕೆ ತುಂಬಿಕೊಂಡು ಹಾಸಿಗೆ ಮೊದಲಿನಂತಾಗುವುದನ್ನು ಕೈ ಚಾಚಿ ತೋರಿಸುತ್ತಿದ್ದರು. "ನನ್ನನ್ನ ತಡ್ಕೊಂಡಿದೆ ಅಂದ್ಮೇಲೆ ನಿಮ್ಮ ಇಡೀ ಸಂಸಾರನ ತಡ್ಕೊಳ್ಳುತ್ತೆ" ಎಂಬ ಮಾತು ಅವರ ಬಾಯಿಂದ ಬೀಳುವಷ್ಟರಲ್ಲಿ ಗಿರಾಕಿ ತೆಪ್ಪಗಾಗಿರುತ್ತಿದ್ದ.

ಬೇರೆ ಹಾಸಿಗೆ ಅಂಗಡಿಗಳಲ್ಲಿ ಬಣ್ಣದ ದೀಪಗಳಿದ್ದವು, ಸಂಗೀತ ಇತ್ತು, ಬೆನ್ನುಮೂಳೆಯ ಪ್ಲಾಸ್ಟಿಕ್ ಗೊಂಬೆ ಇತ್ತು. ನಮ್ಮಲ್ಲಿ ಇವರಿದ್ದರು. ಬೀದಿಯವರೆಲ್ಲ ಇವರನ್ನು ತೂಕದಣ್ಣ ಎಂದು ಕರೆಯುತ್ತಿದ್ದರು, ಇವರು ಅದನ್ನು ಬಿರುದಿನ ಹಾಗೆ ಹೊತ್ತು ಮೆರೆಯುತ್ತಿದ್ದರು. ಮೈ ಇಳಿಸಿ ಎಂದು ನಾನು ಬಾಯಿ ನೋಯುವಷ್ಟು ಹೇಳಿದ್ದಕ್ಕೆಲ್ಲ ಅವರದು ಒಂದೇ ಉತ್ತರ, ಇಳಿಸಿದರೆ ಅಂಗಡಿ ಮುಚ್ಚಬೇಕಾಗುತ್ತೆ. ನಮ್ಮ ಅತ್ತೆ ಅದಕ್ಕೆ ತಾಳ ಹಾಕುತ್ತಿದ್ದರು. ಮಗನ ಮೈಯನ್ನು ತಾವೇ ಕೂಡಿಟ್ಟ ಆಸ್ತಿ ಎಂಬಂತೆ ಆಕೆ ಕಾಯುತ್ತಿದ್ದರು.

ಒಂದು ದಿನ ಅಂಗಡಿ ತುಂಬ ಜನ ಇದ್ದಾಗ ಇವರು ಎಂದಿನಂತೆ ಹಾಸಿಗೆಯ ಮೇಲೆ ಬಿದ್ದರು, ಹೊರಳಿದರು, ಅಲ್ಲೇ ನಿದ್ದೆ ಹೋದರು. ಗೊರಕೆ ಶುರುವಾಯಿತು. ಗಿರಾಕಿಗಳು ಮೆಚ್ಚಿ ನಕ್ಕರು, ಇದಕ್ಕಿಂತ ಒಳ್ಳೆ ಜಾಹೀರಾತು ಬೇಕೆ? ಆಮೇಲೆ ಗೊರಕೆ ನಿಂತಿತು. ಉಸಿರೂ ನಿಂತಿತು. ಮುಖ ಕಪ್ಪಿಟ್ಟಿತು. ಸೇಲ್ಸ್‌ಮನ್ ಎದೆ ಗುದ್ದಿ ಎಬ್ಬಿಸಿದಾಗ, "ಏನು, ಪ್ಯಾಕ್ ಮಾಡ್ಸಲಾ?" ಎಂದು ಕೇಳುತ್ತಾ ಎದ್ದರು. ಪ್ಯಾಕ್ ಮಾಡಿಸಲು ಒಬ್ಬರೂ ಉಳಿದಿರಲಿಲ್ಲ. ಮಲಗಿದವನ ಉಸಿರು ನಿಲ್ಲಿಸುವ ಹಾಸಿಗೆ ಯಾರಿಗೆ ಬೇಕು?

ಗಿರಾಕಿಗಳು ಕಾಲಿಗೆ ಬುದ್ಧಿ ಹೇಳಿದ್ದು ನೋಡಿದ ಮೇಲೆ ಇವರಿಗೆ ಬುದ್ಧಿ ಬಂತು. ನಾನು ಅತ್ತು ಕರೆದದ್ದಕ್ಕೆ ಬರಲಿಲ್ಲ, ಅದನ್ನು ಇಲ್ಲಿ ಹೇಳಲೇಬೇಕು. ಆಸ್ಪತ್ರೆಗೆ ಹೋದೆವು, ಪರೀಕ್ಷೆಗಳೆಲ್ಲ ಆದವು, ಮೈ ಇಳಿಸದಿದ್ದರೆ ನಿದ್ದೆಯಲ್ಲಿ ಉಸಿರು ನಿಲ್ಲುವುದು ತಪ್ಪುವುದಿಲ್ಲ ಎಂದರು. ಗಾಳಿ ಬೀಸಿದರೆ ಹಾರಿಹೋಗುವಂತಿದ್ದ ಒಬ್ಬ ಸಣಕಲು ಡಾಕ್ಟರು ಇವರ ಹೊಟ್ಟೆಯೊಳಗಿನ ಅನ್ನದ ಚೀಲವನ್ನು ಕತ್ತರಿಸಿ ಬಾಳೆಹಣ್ಣಿನಷ್ಟು ಮಾಡಿದರು. ಆಪರೇಷನ್ ಕೊಠಡಿಗೆ ಹೋಗುವಾಗ ಇವರು ಕೈ ಬೀಸಿ, ಹಲ್ಲು ಕಿರಿದು, ಯುದ್ಧಕ್ಕೆ ಹೊರಟವರ ಹಾಗೆ ಹೋದರು. ಅರಿವಳಿಕೆ ಕೊಟ್ಟು ಮಲಗಿಸುತ್ತಾರೆ ಎಂದು ಗೊತ್ತಿತ್ತಲ್ಲ, ಮಲಗುವುದರಲ್ಲಿ ಇವರನ್ನು ಮೀರಿಸುವವರು ಯಾರಿದ್ದಾರೆ?

ಅಸಲಿ ಕಥೆ ಶುರುವಾದದ್ದು ಮನೆಗೆ ಹೊರಡುವ ದಿನ. ನರ್ಸ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಪಾಠ ಹೇಳಿದಳು. ಗುಟುಕು ಗುಟುಕಾಗಿ ನೀರು ಕುಡಿಯಬೇಕು. ಸದ್ಯಕ್ಕೆ ತೆಳುವಾದ ಸೂಪು, ಪ್ರೋಟೀನ್ ಪುಡಿ, ಅಷ್ಟೇ. ಒಂದೇ ಕಡೆ ಬಿದ್ದುಕೊಂಡಿರಬಾರದು, ಆಗಾಗ ಎದ್ದು ಓಡಾಡಬೇಕು. ಕೊನೆಗೆ ಒಂದು ಪೆಟ್ಟಿಗೆ ತೆರೆದು, ಮೊದಲೇ ಔಷಧ ತುಂಬಿದ್ದ ಪುಟ್ಟ ಸಿರಿಂಜುಗಳನ್ನು ತೋರಿಸಿದಳು.

"ಇದು ರಕ್ತ ತೆಳುವಾಗಿಸೋ ಇಂಜೆಕ್ಷನ್. ಈ ಆಪರೇಷನ್ ಆದವರಿಗೆ ಕಾಲಲ್ಲಿ ರಕ್ತ ಹೆಪ್ಪುಗಟ್ಟೋ ಸಾಧ್ಯತೆ ಇರುತ್ತೆ. ಅದು ಅಲ್ಲಿಂದ ಕಿತ್ಕೊಂಡು ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ. ಅದಕ್ಕೆ ದಿನಾ ಸಂಜೆ ಒಂದು, ಈ ಪೆಟ್ಟಿಗೆ ಮುಗಿಯೋವರೆಗೂ. ಹೊಟ್ಟೆಯ ಚರ್ಮ ಹೀಗೆ ಹಿಡಿದು, ನೆಟ್ಟಗೆ ಚುಚ್ಚಿ, ನಿಧಾನಕ್ಕೆ ಒತ್ತಬೇಕು. ಚುಚ್ಚಿದ ಜಾಗ ಉಜ್ಜಬಾರದು. ಅಲ್ಲಲ್ಲಿ ನೀಲಿಗಟ್ಟುತ್ತೆ, ಅದು ಮಾಮೂಲಿ, ಗಾಬರಿಯಾಗ್ಬೇಡಿ."

ಇವರು ಸೂಜಿ ನೋಡಿದರು. ಅಷ್ಟು ದೊಡ್ಡ ಮನುಷ್ಯನ ಮುಖದಲ್ಲಿ ರಕ್ತ ಅಲ್ಲೇ ತೆಳುವಾಯಿತು. "ಮಾತ್ರೆ ಇಲ್ವಾ?" ಎಂದು ಕೇಳಿದರು. ಈಗ ನಿಮ್ಮ ಹೊಟ್ಟೆಗೆ ಮಾತ್ರೆ ಸರಿಯಾಗಿ ಹಿಡಿಯುತ್ತೆ ಅಂತ ನಂಬೋಕಾಗಲ್ಲ ಎಂದಳು ನರ್ಸ್. "ಟಾನಿಕ್?" ಎಂದರು. ಅವಳು ಪೆಟ್ಟಿಗೆಯನ್ನು ನನ್ನ ಕೈಗಿಟ್ಟಳು. ಜಾಣೆ, ಯಾರ ಕೈಗೆ ಕೊಡಬೇಕೆಂದು ಅವಳಿಗೆ ಗೊತ್ತಿತ್ತು.

ಮನೆಗೆ ಬಂದ ಮೇಲೆ ದಿನಾ ಸಂಜೆ ನಮ್ಮಲ್ಲೊಂದು ನಾಟಕ. ನಾನು ಸಿರಿಂಜು ಹಿಡಿದು ಕೋಣೆಗೆ ಬಂದರೆ ಸಾಕು, ಇವರಿಗೆ ಬಾಯಾರಿಕೆ. ನೀರು ಕೊಟ್ಟರೆ ಯಾರಿಗೋ ಫೋನು ಮಾಡಬೇಕು. ಫೋನು ಮುಗಿದರೆ ಹೊಟ್ಟೆಯಲ್ಲಿ ಏನೋ ಸಂಕಟ. ಕಡೆಗೆ ಅಂಗಿ ಎತ್ತಿ ಮಲಗಿದರೆ ಸೂಜಿ ಇನ್ನೂ ಗೇಣುದ್ದ ದೂರ ಇರುವಾಗಲೇ "ಅಯ್ಯಯ್ಯೋ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗು. ಆ ಕೂಗಿಗೆ ಹೊಟ್ಟೆ ಕುಲುಕಾಡುತ್ತಿತ್ತು, ಕುಲುಕಾಡುವ ಹೊಟ್ಟೆಗೆ ನೆಟ್ಟಗೆ ಚುಚ್ಚುವುದು ಹೇಗೆ? ಹಾಗಾಗಿ ಕಲೆಗಳಾದವು. ಒಂದು ನೀಲಿ, ಒಂದು ಹಸಿರು, ಹಳೆಯದು ಹಳದಿ. ನರ್ಸ್ ಹೇಳಿದ್ದಳಲ್ಲ, ಮಾಮೂಲಿ ಅಂತ.

ಅತ್ತೆಗೆ ಮಾತ್ರ ಅದು ಮಾಮೂಲಿ ಆಗಿರಲಿಲ್ಲ. "ಏನಮ್ಮಾ ನಿನ್ನ ಕೈ, ಕಲ್ಲಲ್ಲಿ ಮಾಡಿದ್ದಾ? ನನ್ನ ಮಗನ ಹೊಟ್ಟೆ ನೋಡು, ಯಾರೋ ಒದ್ದ ಹಾಗಿದೆ" ಎಂದರು. ಬ್ಯೂಟಿ ಪಾರ್ಲರ್ ನಡೆಸುವ ನನ್ನ ನಾದಿನಿ, ಎಂದರೆ ಇವರ ತಂಗಿ, ಅಣ್ಣನನ್ನು ನೋಡಲು ಬಂದವಳು ಆ ಹೊಟ್ಟೆಯ ಫೋಟೋ ತೆಗೆದು ಬಂಧುಬಳಗದ ಗ್ರೂಪಿಗೆ ಹಾಕಿದಳು. ಯಾರೂ ಆಪರೇಷನ್ ಹೇಗಾಯಿತು ಎಂದು ಕೇಳಲಿಲ್ಲ. ಚಿಕ್ಕಮ್ಮ ಒಬ್ಬರು, "ಗಂಡ ಹೆಂಡತಿ ಜಗಳ ಆಡಿದ್ರಾ?" ಎಂದು ಕೇಳಿದರು. ಇನ್ನೊಬ್ಬರು ಅಳುವ ಮುಖದ ಚಿತ್ರ ಹಾಕಿದರು.

ನಾದಿನಿಗೆ ವೈದ್ಯಶಾಸ್ತ್ರವೂ ಗೊತ್ತು, ಅವಳಿಗೆ ಗೊತ್ತಿಲ್ಲದ ಶಾಸ್ತ್ರ ಯಾವುದಿದೆ ಹೇಳಿ. "ಅತ್ತಿಗೆ, ರಕ್ತ ತೆಳ್ಳಗಾದ್ರೆ ಮನುಷ್ಯನಲ್ಲಿ ಏನ್ ಶಕ್ತಿ ಇರುತ್ತೆ? ಮೊದ್ಲೇ ಊಟ ಇಲ್ಲ. ಮೈನೂ ತೆಳ್ಳಗೆ, ರಕ್ತಾನೂ ತೆಳ್ಳಗೆ, ಹೀಗಾದ್ರೆ ಅಣ್ಣ ಉಳೀತಾನಾ?" ಎಂದಳು. ಅವಳ ಅಣ್ಣ ತೆಳ್ಳಗಾಗುವುದಕ್ಕೆ ಇನ್ನೂ ಬಹಳ ದೂರ ಇತ್ತು, ಆದರೂ ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಇವರು ಮಲಗಿದಲ್ಲಿಂದಲೇ ನನ್ನ ಕಡೆ ನೋಡಿದ ನೋಟ ಇತ್ತಲ್ಲ, ಯಾರೋ ಹಿಂಸಿಸುತ್ತಿರುವ ಪರಮ ಸಾಧುವಿನ ನೋಟ.

ಮರುದಿನ ಇವರು ಘೋಷಣೆ ಹೊರಡಿಸಿದರು. "ಇನ್ಮೇಲೆ ನಾನೇ ಚುಚ್ಕೋತೀನಿ. ನೀನೇನೂ ಕಷ್ಟಪಡ್ಬೇಡ. ಗಂಡಸಾಗಿ ಇಷ್ಟೂ ಆಗ್ಲಿಲ್ಲ ಅಂದ್ರೆ ಹೇಗೆ?"

"ಸೂಜಿ ನೋಡಿದ್ರೆ ಕೂಗ್ತೀರಿ, ನೀವೇ ಹೇಗೆ ಚುಚ್ಕೋತೀರಿ?" ಎಂದೆ.

"ಕೂಗ್ತಿದ್ದಿದ್ದು ಸೂಜಿಗಲ್ಲ, ನಿನ್ನ ಕೈಗೆ" ಎಂದರು. ಅತ್ತೆ ಬಾಗಿಲ ಹತ್ತಿರ ನಿಂತು ತಲೆಯಾಡಿಸಿದರು.

ನನಗೆ ಸಿಟ್ಟು ನೆತ್ತಿಗೇರಿತು. ಹಾಳಾಗಿ ಹೋಗಿ, ನನಗೂ ಒಂದು ಕೆಲಸ ತಪ್ಪಿತು ಎಂದು ಪೆಟ್ಟಿಗೆಯನ್ನು ಅವರ ತಲೆದೆಸೆಯಲ್ಲಿಟ್ಟು ಬಂದೆ. ಅಂದು ಸಂಜೆ ಇವರು ಮಲಗುವ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡರು. ನಾನು, ಅತ್ತೆ, ನಾದಿನಿ ಮೂರೂ ಜನ ಹೊರಗೆ ಕಿವಿಗೊಟ್ಟು ನಿಂತೆವು. ಕೂಗಿಲ್ಲ, ನರಳಾಟವಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು, ಖಾಲಿ ಸಿರಿಂಜು ಹಿಡಿದು, ಗೆದ್ದವರ ನಗೆ ನಗುತ್ತಾ ಬಂದರು. ಸೂಜಿ ಹಾಕುವ ಹಳದಿ ಡಬ್ಬಿಯೊಳಗೆ ಅದನ್ನು ನಮ್ಮೆಲ್ಲರ ಎದುರಿಗೇ ಟಕ್ ಎಂದು ಬೀಳಿಸಿದರು.

"ಆಯ್ತಾ?" ಎಂದೆ.

"ಆಯ್ತು. ಸೊಳ್ಳೆ ಕಚ್ಚಿದ ಹಾಗೂ ಆಗ್ಲಿಲ್ಲ."

ಅಲ್ಲಿಂದ ಮುಂದೆ ದಿನಾ ಸಂಜೆ ಅದೇ. ಕೋಣೆ, ಚಿಲಕ, ನಿಶ್ಶಬ್ದ, ಟಕ್. ನನ್ನ ಕಾಲದ ಕಲೆಗಳು ಒಂದೊಂದಾಗಿ ಮಾಸಿದವು, ಹೊಸದು ಒಂದೂ ಮೂಡಲಿಲ್ಲ. ಆಪರೇಷನ್ನಿನ ಪುಟ್ಟ ಹೊಲಿಗೆ ಗುರುತುಗಳನ್ನು ಬಿಟ್ಟರೆ ಹೊಟ್ಟೆ ನಿರ್ಮಲವಾಯಿತು. ಮನೆಗೆ ಬಂದವರಿಗೆಲ್ಲ ಅತ್ತೆ ಮಗನ ಅಂಗಿ ಎತ್ತಿಸಿ ತೋರಿಸತೊಡಗಿದರು. ನಾದಿನಿ ತನ್ನ ಪಾರ್ಲರಿನ ಕಣ್ಣುಗಳಿಂದ ಹತ್ತಿರ ಬಗ್ಗಿ ಪರೀಕ್ಷಿಸಿ ತೀರ್ಪು ಕೊಟ್ಟಳು. "ಒಂದು ಚುಕ್ಕೆ ಇಲ್ಲ ನೋಡಿ ಅತ್ತಿಗೆ. ಚರ್ಮ ಹೇಗೆ ಹೊಳೀತಿದೆ! ಇದಕ್ಕೆ ಕೈಗುಣ ಅನ್ನೋದು."

ಇವರು ಉಬ್ಬಿಹೋದರು. ಉಬ್ಬುವುದಕ್ಕೆ ಡಾಕ್ಟರು ಬಿಡದಿದ್ದರೂ ಉಬ್ಬಿದರು. "ಎಲ್ಲಾ ಮನಸ್ಸಲ್ಲಿರೋದು. ಉಸಿರು ಬಿಗಿ ಹಿಡಿದು, ಒಂದೇ ಏಟಿಗೆ..." ಎಂದು ಬೆರಳಿನಲ್ಲಿ ಗಾಳಿಗೆ ಚುಚ್ಚಿ ತೋರಿಸುತ್ತಿದ್ದರು. ಅದೇ ಆಪರೇಷನ್ ಮಾಡಿಸಿಕೊಳ್ಳಲಿರುವ ಯಾರೋ ಒಬ್ಬರಿಗೆ ಫೋನಿನಲ್ಲಿ ಧೈರ್ಯ ಬೇರೆ ಹೇಳಿದರು.

ನಾನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಹೊಟ್ಟೆಕಿಚ್ಚೂ ಪಟ್ಟೆ. ಕಿತ್ತುಹೋದ ಗುಂಡಿ ಹೊಲಿಯಲು ಬಾರದ, ಸೇಬು ಕತ್ತರಿಸಲು ಬಾರದ ಈ ಮನುಷ್ಯನ ಕೈ ನನ್ನ ಕೈಗಿಂತ ಹಗುರವೆಂದರೆ ಹೇಗೆ ಸಹಿಸುವುದು? ಸ್ನಾನದ ಮನೆಯಲ್ಲಿ ನನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡದ್ದೂ ಉಂಟು. ಇವುಗಳಲ್ಲಿ ಅಂಥದ್ದೇನು ಭಾರವಿದೆ ಎಂದು.

ಅಷ್ಟರಲ್ಲಿ ಅಂಗಡಿಯಿಂದ ಕರೆ ಬಂತು. ತೂಕದಣ್ಣ ಇಲ್ಲದೆ ವ್ಯಾಪಾರ ಮಲಗಿದೆ ಎಂದು ಸೇಲ್ಸ್‌ಮನ್ ಗೋಳು ತೋಡಿಕೊಂಡ. ಇವರಿಗೂ ಅದೇ ಬೇಕಿತ್ತು. ಡಾಕ್ಟರು ಓಡಾಡಿ ಎಂದಿದ್ದಾರೆ ಎಂದು ನನಗೆ ಹೇಳಿ ಅಂಗಡಿಗೆ ಹೊರಟರು, ಅಲ್ಲಿಗೆ ಹೋಗಿ ಬೆಳಗಿನಿಂದ ಸಂಜೆವರೆಗೆ ಮಲಗಿದರು. ಹಾಸಿಗೆಯಿಂದ ಹಾಸಿಗೆಗೆ ನಡೆದದ್ದೇ ಓಡಾಟ. ಮೈ ಇಳಿಯುತ್ತಿದ್ದ ಹಾಗೆ ಮಾತು ಬೆಳೆಯಿತು. "ನೋಡಿ, ಹಾಸಿಗೆ ಸರಿ ಇದ್ರೆ ನಿದ್ದೆ ಸರಿ ಇರುತ್ತೆ, ನಿದ್ದೆ ಸರಿ ಇದ್ರೆ ಬೊಜ್ಜು ತಾನೇ ಕರಗುತ್ತೆ. ನನ್ನನ್ನೇ ನೋಡಿ" ಎಂದು ಗಿರಾಕಿಗಳಿಗೆ ಹೇಳುತ್ತಿದ್ದರಂತೆ. ಡಾಕ್ಟರ ಕತ್ತರಿಯ ಸುದ್ದಿಯೇ ಇಲ್ಲ.

ಪ್ಯಾಂಟುಗಳೆಲ್ಲ ಸಡಿಲವಾದವು. ನಾನು ಹೊಸದೊಂದು ಚಿಕ್ಕ ಅಳತೆಯ ಪ್ಯಾಂಟು ತಂದೆ. ಬೆಳಿಗ್ಗೆ ಹಾಕಿಕೊಳ್ಳಲು ಹೋದರೆ ಬಲಗಾಲು ಸಲೀಸಾಗಿ ಇಳಿಯಿತು, ಎಡಗಾಲು ಮೀನಖಂಡದ ಹತ್ತಿರ ಸಿಕ್ಕಿಕೊಂಡಿತು.

"ಹೊಲಿಗೆ ಸರಿ ಇಲ್ಲ, ವಾಪಸ್ ಕೊಡು" ಎಂದರು.

ಹೊಲಿಗೆ ಸರಿಯಾಗಿಯೇ ಇತ್ತು. ನಾನು ಬಗ್ಗಿ ನೋಡಿದೆ. ಎಡಗಾಲು ಊದಿ, ಚರ್ಮ ಬಿಗಿದು ಹೊಳೆಯುತ್ತಿತ್ತು, ಕೆಂಪಾಗಿತ್ತು. ಮುಟ್ಟಿದರೆ ಬಿಸಿ. ಮೈಯೆಲ್ಲ ಇಳಿಯುತ್ತಿರುವ ಮನುಷ್ಯನ ಒಂದೇ ಒಂದು ಕಾಲು ದಪ್ಪಗಾಗುವುದೆಂದರೇನು?

"ಎಷ್ಟು ದಿನದಿಂದ ಹೀಗಿದೆ?"

"ಏನಿಲ್ಲ, ಆ ಮಗ್ಗುಲಲ್ಲೇ ಮಲಗ್ತೀನಲ್ಲ, ಅದಕ್ಕೆ. ಬೂಟೂ ಯಾಕೋ ಚಿಕ್ಕದಾಗಿದೆ."

ಅತ್ತೆ ಬಂದು ನೋಡಿದರು. ಅವರ ಮುಖ ಅರಳಿತು. "ಸದ್ಯ, ಒಂದು ಕಾಲಾದ್ರೂ ಮೊದಲಿನ ಹಾಗೆ ತುಂಬ್ಕೋತಿದೆ" ಎಂದರು.

ನನಗೆ ನರ್ಸ್ ಹೇಳಿದ ಮಾತೆಲ್ಲ ಒಟ್ಟಿಗೆ ನೆನಪಾಯಿತು. ಗಂಡ ಅಂಗಡಿ ಎಂದರು, ಅತ್ತೆ ಎಣ್ಣೆ ಹಚ್ಚಿ ತಿಕ್ಕೋಣ ಎಂದರು. ನಾನು ಇಬ್ಬರಿಗೂ ಸೊಪ್ಪು ಹಾಕದೆ, ಹಳೆಯ ಸಡಿಲ ಪ್ಯಾಂಟನ್ನೇ ತೊಡಿಸಿ, ಟ್ಯಾಕ್ಸಿಯಲ್ಲಿ ಕೂರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅತ್ತೆಯೂ ಹತ್ತಿದರು. ನಾದಿನಿ ಪಾರ್ಲರಿನಿಂದ ನೇರ ಅಲ್ಲಿಗೇ ಬಂದಳು.

ಕಾಲಿಗೆ ಜೆಲ್ ಬಳಿದು ಸ್ಕ್ಯಾನ್ ಮಾಡಿದರು. ತೊಡೆಯವರೆಗೂ ರಕ್ತ ಹೆಪ್ಪುಗಟ್ಟಿತ್ತು. ಡಾಕ್ಟರು ಅದನ್ನು ಹೇಳಿದಾಗ ನಾನು ಇವರು ಮಲಗಿದ್ದ ಮಂಚದ ಕಬ್ಬಿಣದ ಕಂಬಿ ಹಿಡಿದುಕೊಂಡೆ. ಈ ಮನುಷ್ಯನನ್ನು ನಾನು ದಿನಕ್ಕೆ ಹತ್ತು ಸಲ ಬೈಯುತ್ತೇನೆ, ಆದರೆ ಇವರಿಲ್ಲದ ಮನೆಯಲ್ಲಿ ಯಾರನ್ನು ಬೈಯಲಿ?

"ಮನೇಲಿ ಇಂಜೆಕ್ಷನ್ ಸರಿಯಾಗಿ ತಗೊಂಡ್ರಾ?" ಎಂದು ಡಾಕ್ಟರು ಕೇಳಿದರು.

"ಒಂದು ದಿನಾನೂ ತಪ್ಪಿಸಿಲ್ಲ ಡಾಕ್ಟ್ರೇ" ಎಂದರು ನಮ್ಮ ಯಜಮಾನರು.

"ನನ್ನ ಕಣ್ಣಾರೆ ನೋಡಿದೀನಿ, ದಿನಾ ಖಾಲಿ ಸಿರಿಂಜು ಡಬ್ಬೀಲಿ ಹಾಕ್ತಿದ್ದ" ಎಂದರು ಅತ್ತೆ.

"ಎಷ್ಟು ನೀಟಾಗಿ ತಗೋತಿದ್ದ ಗೊತ್ತಾ? ಒಂದು ಮಾರ್ಕ್ ಕೂಡ ಇಲ್ಲ" ಎಂದಳು ನಾದಿನಿ.

ಡಾಕ್ಟರು ಹಣೆ ನೇವರಿಸಿಕೊಂಡರು. "ಹಾಗಿದ್ರೆ ಸ್ವಲ್ಪ ಚಿಂತೆಯ ವಿಷಯವೇ. ದಿನಾ ಔಷಧ ಬಿದ್ದೂ ಹೀಗಾಗಿದೆ ಅಂದ್ರೆ, ಈ ಔಷಧ ನಿಮಗೆ ಕೆಲಸ ಮಾಡ್ತಿಲ್ಲ ಅಂತ ಲೆಕ್ಕ. ಬೇರೆ ಔಷಧ ಯೋಚಿಸ್ಬೇಕು. ರಕ್ತದಲ್ಲೇ ಏನಾದ್ರೂ ದೋಷ ಇದ್ಯಾ ನೋಡ್ಬೇಕು. ಗಡ್ಡೆ ಮೇಲಕ್ಕೆ ಹೋಗದ ಹಾಗೆ ಹೊಟ್ಟೆಯ ದೊಡ್ಡ ರಕ್ತನಾಳದೊಳಗೆ ಒಂದು ಜಾಲರಿ ಕೂರಿಸೋದೂ ಬೇಕಾಗ್ಬಹುದು. ನಾನು ಇನ್ನೊಬ್ಬ ಡಾಕ್ಟರ ಹತ್ರ ಮಾತಾಡ್ತೀನಿ. ಅಲ್ಲಿವರೆಗೆ ಇದೇ ಔಷಧ ದೊಡ್ಡ ಪ್ರಮಾಣದಲ್ಲಿ ಕೊಟ್ಟಿರಿ" ಎಂದು ಪಕ್ಕದ ನರ್ಸ್‌ಗೆ ಹೇಳಿದರು.

ಜಾಲರಿ ಎಂಬ ಮಾತು ಕೇಳಿ ಇವರ ಹಣೆಯಲ್ಲಿ ಬೆವರು ಮೂಡಿತು. ಬಾಯಿ ತೆರೆದರು, ಅಮ್ಮನ ಕಡೆ ನೋಡಿದರು, ತಂಗಿಯ ಕಡೆ ನೋಡಿದರು, ಮುಚ್ಚಿಕೊಂಡರು. "ಆಯ್ತು, ಜಾಲರಿ ಹಾಕ್ಬಿಡಿ" ಎಂದರು.

ನರ್ಸ್ ಸಿರಿಂಜು ಹಿಡಿದು ಬಂದಳು. ಇವರು ಕಣ್ಣು ಗಟ್ಟಿಯಾಗಿ ಮುಚ್ಚಿ, ಮಂಚದ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ದಿನಾ ತಾವೇ ಚುಚ್ಚಿಕೊಳ್ಳುವ ಶೂರ ಯಾಕೆ ಹೀಗೆ ನಡುಗಬೇಕು? ನರ್ಸ್‌ನ ಕೈ ಹೂವಿನಷ್ಟು ಹಗುರ, ನನ್ನ ಕಣ್ಣಮುಂದೆಯೇ ಸೂಜಿ ಹೋದದ್ದೂ ಬಂದದ್ದೂ ತಿಳಿಯಲಿಲ್ಲ. ಆದರೂ ಅವಳು ಸೂಜಿ ತೆಗೆದ ಜಾಗದಲ್ಲಿ ಒಂದು ಕೆಂಪು ಚುಕ್ಕೆ ನಿಂತಿತು. ಅವಳು ಹತ್ತಿಯ ಉಂಡೆ ಇಟ್ಟು ತೆಗೆಯುವಷ್ಟರಲ್ಲಿ ಅದರ ಸುತ್ತ ಚರ್ಮ ನೀಲಿಯಾಗತೊಡಗಿತ್ತು. ಆ ದೊಡ್ಡ, ಬೆಳ್ಳಗಿನ, ನಿರ್ಮಲವಾದ ಹೊಟ್ಟೆಯ ಮೇಲೆ ಅದೊಂದೇ ಸೂಜಿಯ ಗುರುತು.

ನನ್ನ ತಲೆಯೊಳಗೆ ದೀಪ ಹತ್ತಿತು. ದಿನಾ ಇದನ್ನೇ ಮಾಡುವವಳ ಕೈಗೆ ಕಲೆಯಾಗುತ್ತದೆ, ನನ್ನ ಕೈಗೆ ಆಗುತ್ತದೆ, ಗುಂಡಿ ಹೊಲಿಯಲು ಬಾರದ ಇವರ ಕೈಗೆ ಮಾತ್ರ ಒಂದು ಚುಕ್ಕೆಯೂ ಆಗುವುದಿಲ್ಲವೆ? ನಾವೆಲ್ಲ ಮೆಚ್ಚಿ ಮೆಚ್ಚಿ ನೋಡಿದ್ದು ಕೈಗುಣವನ್ನಲ್ಲ. ಇಷ್ಟು ದಿನ ಆ ಹೊಟ್ಟೆಗೆ ಒಂದು ಸೂಜಿಯೂ ತಾಗಿರಲಿಲ್ಲ.

ಡಾಕ್ಟರು ಬಾಗಿಲ ಕಡೆ ಹೊರಟಿದ್ದರು. "ಸ್ವಲ್ಪ ಇರಿ ಡಾಕ್ಟ್ರೇ" ಎಂದೆ. ಇವರ ಕಡೆ ತಿರುಗಿದೆ. "ಇಂಜೆಕ್ಷನ್ ಎಲ್ಲಿಗೆ ಚುಚ್ಕೋತಿದ್ರಿ?"

"ಹೊಟ್ಟೆಗೆ. ಇನ್ನೆಲ್ಲಿಗೆ?"

"ಹೊಟ್ಟೆಯಲ್ಲಿ ಎಲ್ಲಿ? ತೋರಿಸಿ."

ಇವರು ನನ್ನನ್ನು ನೋಡಿದರು. ಆ ನೋಟದ ಅರ್ಥ ನನಗೆ ಚೆನ್ನಾಗಿ ಗೊತ್ತು. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ. ಮನೆಗೆ ಹೋದ ಮೇಲೆ ಏನು ಬೇಕಾದರೂ ಬೈಯಿ, ಇಲ್ಲಿ ಬೇಡ, ಅಮ್ಮನ ಮುಂದೆ ಬೇಡ ಎಂಬ ಬೇಡಿಕೆ ಅದರಲ್ಲಿತ್ತು. ನನ್ನ ಮನಸ್ಸು ಕರಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಇವರ ಮರ್ಯಾದೆ ಉಳಿಸಿಕೊಂಡು ನಾನೇನು ಮಾಡಲಿ? ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲೆ?

"ಡಾಕ್ಟ್ರೇ, ಇವರು ಒಂದೂ ಇಂಜೆಕ್ಷನ್ ತಗೊಂಡಿಲ್ಲ" ಎಂದೆ. "ನಾನು ಕೊಟ್ಟಷ್ಟೇ. ಆಮೇಲೆ ಒಂದೂ ಇಲ್ಲ."

"ಬಾಯಿಗೆ ಬಂದ ಹಾಗೆ ಮಾತಾಡ್ಬೇಡ!" ಎಂದು ಅತ್ತೆ ಗುಡುಗಿದರು.

"ಹಾಗಿದ್ರೆ ಸಿರಿಂಜು ಹೇಗೆ ಖಾಲಿ ಆಯ್ತು ಅತ್ತಿಗೆ?" ಎಂದು ನಾದಿನಿ ವಕೀಲಳಂತೆ ಕೇಳಿದಳು.

ಡಾಕ್ಟರು ವಾಪಸ್ ಬಂದು ಮಂಚದ ಪಕ್ಕ ನಿಂತರು. "ನೋಡಿ, ನಾನು ಬೈಯಲ್ಲ. ಆದ್ರೆ ನಿಜ ಗೊತ್ತಾಗ್ದೆ ಹೋದ್ರೆ ತಪ್ಪು ಚಿಕಿತ್ಸೆ ಮಾಡಿಬಿಡ್ತೀನಿ. ಔಷಧ ಎಲ್ಲಿಗೆ ಹೋಯ್ತು?"

ಇವರು ಛಾವಣಿ ನೋಡಿದರು.

"ಹಾಸಿಗೆಗೆ" ಎಂದರು.

"ಏನು?"

"ನಮ್ಮ ಹಾಸಿಗೆಗೆ ಚುಚ್ತಿದ್ದೆ. ನನ್ನ ಮಗ್ಗುಲಲ್ಲಿ, ಲೇಬಲ್ ಕೆಳಗೆ. ಅಲ್ಲಿ ಬಟ್ಟೆ ಎರಡು ಪದರ ಇರುತ್ತೆ, ಕಲೆ ಕಾಣಲ್ಲ. ಒಳಗೆ ಫೋಮ್ ದಪ್ಪ ಇದೆ, ಹನಿ ಕೂಡ ಹೊರಗೆ ಬರಲ್ಲ." ಆ ಗಳಿಗೆಯಲ್ಲೂ ಅವರ ದನಿಯಲ್ಲಿ ನಮ್ಮ ಸರಕಿನ ಬಗ್ಗೆ ಹೆಮ್ಮೆ ಇತ್ತು. ನರ್ಸ್ ಮುಖ ಆ ಕಡೆ ತಿರುಗಿಸಿಕೊಂಡಳು, ಅವಳ ಭುಜ ಅಲುಗುತ್ತಿತ್ತು. ಸಣಕಲು ಡಾಕ್ಟರು ತುಟಿ ಕಚ್ಚಿಕೊಂಡು ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ನಮ್ಮ ಹಾಸಿಗೆಗೆ ಇನ್ನು ಈ ಜನ್ಮದಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿಲ್ಲ ಎಂದು ನನಗೂ ಹೇಳಬೇಕೆನಿಸಿತು.

"ಯಾಕ್ರೀ ಹೀಗೆ ಮಾಡಿದ್ರಿ?" ಎಂದಷ್ಟೇ ಕೇಳಿದೆ.

"ಭಯ" ಎಂದರು. "ಸೂಜಿ ನೋಡಿದ್ರೆ ಕೈಕಾಲು ತಣ್ಣಗಾಗುತ್ತೆ. ಮೊದಲ ದಿನ ಪ್ರಯತ್ನಪಟ್ಟೆ, ಆಗ್ಲಿಲ್ಲ. ನಾಳೆ ಚುಚ್ಕೊಂಡ್ರಾಯ್ತು ಅಂತ ಅಂದ್ಕೊಂಡೆ. ಹೊರಗೆ ಬಂದ್ರೆ ನೀವೆಲ್ಲ ಹೊಗಳೋಕೆ ಶುರು ಮಾಡಿದ್ರಿ." ಅಷ್ಟು ಹೇಳಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

ಅತ್ತೆಗೆ ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. "ನೀನು ಮೊದಲೇ ಅಷ್ಟು ನೋಯಿಸದೆ ಇದ್ದಿದ್ರೆ ಅವನು ಯಾಕೆ ಹಾಸಿಗೆಗೆ ಚುಚ್ತಿದ್ದ?" ಎಂದರು ನನಗೆ. ನಾದಿನಿ ಹೌದೆಂದಳು. ಆ ಸಂಜೆಯೊಳಗೆ ಬಂಧುಬಳಗಕ್ಕೆಲ್ಲ ಸುದ್ದಿ ಮುಟ್ಟಿತ್ತು. ಹೆಂಡತಿಯ ಒರಟುತನಕ್ಕೆ ಹೆದರಿ ಗಂಡ ಔಷಧ ಬಿಟ್ಟ, ಅದಕ್ಕೆ ಕಾಲಿಗೆ ಹೀಗಾಯಿತು ಎಂದು. ಅಳುವ ಮುಖದ ಚಿತ್ರ ಹಾಕಿದ್ದವರು ಈ ಸಲ ಎರಡು ಹಾಕಿದರು.

ಜಾಲರಿ ಬೇಕಾಗಲಿಲ್ಲ. ಔಷಧ ಮೈಗೆ ಹೋದ ಮೇಲೆ ಅದು ತನ್ನ ಕೆಲಸ ಮಾಡಿತು, ಮೊದಲೇ ಹೋಗಿದ್ದರೆ ಮೊದಲೇ ಮಾಡುತ್ತಿತ್ತು. ಕಾಲು ನಿಧಾನಕ್ಕೆ ಇಳಿಯತೊಡಗಿತು. ಆದರೆ ಈಗ ದಿನಕ್ಕೆ ಎರಡು ಇಂಜೆಕ್ಷನ್, ಅದೂ ತಿಂಗಳುಗಟ್ಟಲೆ, ಒಂದೂ ತಪ್ಪುವಂತಿಲ್ಲ, ತಪ್ಪಿದರೆ ಮತ್ತೆ ನಾನು ನಿಮ್ಮನ್ನು ನೋಡ್ತೀನೋ ಇಲ್ಲವೋ ಹೇಳಕ್ಕಾಗಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿ ಕಳಿಸಿದರು.

ಮನೆಗೆ ಬಂದ ದಿನವೇ ನಾನು ಕೋಣೆಯ ಚಿಲಕ ಬಿಚ್ಚಿಸಿದೆ. ಇವರು ನನ್ನೊಡನೆ ಮಾತು ಬಿಟ್ಟರು. ಅಮ್ಮನ ಮುಂದೆ, ತಂಗಿಯ ಮುಂದೆ, ನರ್ಸ್ ಮುಂದೆ ಮಾನ ಕಳೆದೆನಲ್ಲ. ಏನಾದರೂ ಬೇಕಾದರೆ, "ಅಮ್ಮಾ, ಅವಳಿಗೆ ಹೇಳು, ಸೂಪು ಆರಿದೆ ಅಂತ" ಎನ್ನುತ್ತಿದ್ದರು, ನಾನು ಎದುರಿಗೇ ನಿಂತಿದ್ದರೂ. ಬೆಳಿಗ್ಗೆ ನಾನು ಸಿರಿಂಜು ತಂದರೆ ಅಂಗಿ ಎತ್ತಿ ಗೋಡೆ ನೋಡುತ್ತಾ ಮಲಗುತ್ತಿದ್ದರು. ಕೂಗುತ್ತಿರಲಿಲ್ಲ. ಕೂಗಿದರೂ ಒಂದು ಮಾತಾಗುತ್ತದಲ್ಲ, ಅದೂ ನನಗೆ ದಕ್ಕಬಾರದು ಎಂದು ಹಟ. ನಾನೂ ಕಡಿಮೆಯವಳಲ್ಲ. ಅವರು ಮುಖ ಊದಿಸಿಕೊಂಡಷ್ಟೂ ನಾನು ಹೊತ್ತಿಗೆ ಸರಿಯಾಗಿ ಚುಚ್ಚಿದೆ. ಆದರೆ ಒಬ್ಬಳೇ ಇದ್ದಾಗ ಅಳು ಬರುತ್ತಿತ್ತು. ಬದುಕಿಸಿದ್ದಕ್ಕೆ ಒಂದು ಒಳ್ಳೆಯ ಮಾತು ಬೇಡ, ಕನಿಷ್ಠ ಒಂದು ಬೈಗುಳ?

ಡಾಕ್ಟರು ಒಪ್ಪಿದ ಮೇಲೆ ಅಂಗಡಿಗೆ ಹೊರಟರು. ನಡೆದಾಡಬೇಕು, ಬೀಳುವುದು ಹೊರಳುವುದು ಇಲ್ಲ ಎಂಬ ಕರಾರಿನ ಮೇಲೆ. ಸಂಜೆಯ ಇಂಜೆಕ್ಷನ್‌ಗೆ ಮನೆಗೆ ಬರುತ್ತೇನೆಂದು ಅಮ್ಮನ ಮೂಲಕ ಹೇಳಿ ಕಳಿಸಿದರು. ಮೊದಲ ಸಂಜೆ ಬರಲಿಲ್ಲ. ಗಿರಾಕಿ ಇದ್ದಾರೆ, ಸ್ವಲ್ಪ ತಡವಾಗುತ್ತದೆ ಎಂದು ಸೇಲ್ಸ್‌ಮನ್ ಫೋನು ಮಾಡಿದ.

ನಾನು ಕೈತೊಳೆದು, ಸಿರಿಂಜನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ನಡೆದೆ. ಅಲ್ಲಿ ಒಬ್ಬ ಹೆಂಗಸು, ಅವಳ ಗಂಡ, ಜೊತೆಗೆ ಇನ್ನೂ ಇಬ್ಬರು ಹಾಸಿಗೆಗಳನ್ನು ಒತ್ತಿ ನೋಡುತ್ತಿದ್ದರು. ಇವರು ಒಂದು ದಿಂಬು ಹಿಡಿದು ಅದರ ಗುಣಗಾನ ಮಾಡುತ್ತಿದ್ದರು. ನನ್ನನ್ನು ಕಂಡ ಕೂಡಲೇ ನಾಲಿಗೆ ನಿಂತಿತು.

"ಮಲಗಿ" ಎಂದೆ. "ಹೊತ್ತಾಯ್ತು."

ಇವರು ಗಿರಾಕಿಗಳನ್ನು ನೋಡಿದರು, ಬೀದಿಗೆ ತೆರೆದಿದ್ದ ದೊಡ್ಡ ಗಾಜನ್ನು ನೋಡಿದರು, ಹಿಂದಿನ ಗೋದಾಮಿನ ಬಾಗಿಲನ್ನು ಆಸೆಯಿಂದ ನೋಡಿದರು. ನಾನು ತಲೆಯಲ್ಲಾಡಿಸಿದೆ. ಮುಚ್ಚಿದ ಬಾಗಿಲುಗಳನ್ನು ನಾನು ನಂಬುವುದಿಲ್ಲ, ನೋಡುವವರು ನೋಡಲಿ. ಇವರು ಓಡಿಹೋದರೆ ಏನು ಮಾಡುವುದೆಂದು ನನಗೂ ಗೊತ್ತಿರಲಿಲ್ಲ. ಆದರೆ ಇವರು ದಿಂಬನ್ನು ಕೆಳಗಿಟ್ಟು, ಬೂಟು ಕಳಚಿ, ಅಂಗಡಿಯ ನಡುವಿನ ದೊಡ್ಡ ಹಾಸಿಗೆಯ ಮೇಲೆ ಮಲಗಿ, ಅಂಗಿ ಎತ್ತಿದರು. ಹೊಟ್ಟೆಯ ಮೇಲೆ ನನ್ನ ಕಲೆಗಳು ನೀಲಿ, ಹಸಿರು, ಹಳದಿಯಾಗಿ ಹರಡಿದ್ದವು.

ನಾನು ಚರ್ಮ ಹಿಡಿದು ಸೂಜಿ ಇಳಿಸಿದೆ. ಆ ಹೆಂಗಸು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, "ಅಯ್ಯೋ, ಏನ್ ಮಾಡ್ತಿದೀರಿ ಅವರಿಗೆ?" ಎಂದಳು.

ನಾನು ಉತ್ತರ ಕೊಡುವ ಮೊದಲೇ ಇವರು ಮಲಗಿದಲ್ಲಿಂದ ತಲೆ ಎತ್ತಿದರು. "ಗಾಬರಿಯಾಗ್ಬೇಡಿ ಮೇಡಂ, ಇವಳು ನನ್ನ ಹೆಂಡತಿ. ನಾನು ಸಾಯದ ಹಾಗೆ ನೋಡ್ಕೋತಿದ್ದಾಳೆ. ನಾನು ಎಷ್ಟು ತಪ್ಪಿಸ್ಕೊಂಡ್ರೂ ಬಿಡಲ್ಲ" ಎಂದರು. ಹಾಗೆನ್ನುವಾಗ ನೋಡಿದ್ದು ಅವಳನ್ನಲ್ಲ, ನನ್ನನ್ನು. ಎಷ್ಟೋ ದಿನಗಳ ಮೇಲೆ ನೋಡಿದ್ದು. ಆಮೇಲೆ ಗಿರಾಕಿಯ ಕಡೆ ತಿರುಗಿ, ತಮ್ಮ ಮಾಮೂಲಿ ದನಿಯಲ್ಲಿ, "ನಿಮಗೆ ಯಾವ ಥರ ಬೇಕು, ಮೆತ್ತಗಿರೋದಾ, ಗಟ್ಟಿ ಇರೋದಾ?" ಎಂದು ಕೇಳಿದರು.

ನನ್ನ ಕಣ್ಣು ಮಂಜಾಯಿತು. ಕೈ ಮಾತ್ರ ಅಲುಗಿಸದೆ ಕೊನೆಯ ಹನಿಯವರೆಗೂ ಒತ್ತಿದೆ.

ಆ ಹೆಂಗಸು ಇವರನ್ನು ನೋಡಿದಳು, ನನ್ನ ಕೈಯನ್ನು ನೋಡಿದಳು, ಆಮೇಲೆ ತನ್ನ ಗಂಡನನ್ನು ನೋಡಿ, "ಗಟ್ಟಿ ಇರೋದೇ ಕೊಡಿ" ಎಂದಳು.